ಹಳೇ ಮನೆಯ ಹಲಗೆ ಮಹಡಿ: ಪೇಂಟ್ ಆಮೇಲೆ, ಮೊದಲು ಸಂದಿ ಮುಚ್ಚಿಸಿ

ಸಾಗರದ ಕಡೆಯ ಹಳೇ ಮನೆ, ಮಹಡಿಯ ನೆಲ ಪೂರ್ತಿ ಹಲಗೆಯದು, ಹೋಂಸ್ಟೇ ಶುರು ಮಾಡುವ ಮುಂಚೆ ಬೆಂಕಿ ತಡೆಯುವ ಪೇಂಟ್ ಹೊಡೆಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ನಮ್ಮದೂ ಶಿರಸಿ ಕಡೆ ಅಂಥದೇ ಮನೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಕೆಳಗಿನ ಜಗಲಿಯಲ್ಲಿ ಇನ್ವರ್ಟರ್ ವೈರು ಸುಟ್ಟಿತು. ದೊಡ್ಡ ಬೆಂಕಿಯೇನಲ್ಲ, ಪಕ್ಕದಲ್ಲಿದ್ದ ಒಂದು ಗೋಣಿಚೀಲ ಹೊಗೆಯಾಡಿತು ಅಷ್ಟೇ. ಆದರೆ ಮಹಡಿಯಲ್ಲಿ ಮಲಗಿದ್ದ ಅಮ್ಮ ಕೆಮ್ಮುತ್ತಾ ಎದ್ದಾಗ ಅವರಿಗೆ ಬಾಗಿಲು ಎಲ್ಲಿದೆ ಅಂತಲೇ ಕಾಣಲಿಲ್ಲ. ಕೋಣೆಯ ಬಾಗಿಲು ಹಾಕಿಯೇ ಇತ್ತು. ಹೊಗೆ ಬಂದದ್ದು ಹಲಗೆ ಸಂದಿಯಿಂದ. ಬೆಂಕಿ ಮೇಲೆ ಹತ್ತುವ ಎಷ್ಟೋ ಮೊದಲೇ ಹೊಗೆ ಹತ್ತುತ್ತದೆ, ಮಲಗಿದವರ ಜೀವ ತೆಗೆಯುವುದೂ ಅದೇ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಮೇಲಿನ ದೀಪ ಆರಿಸಿ, ಕೆಳಗಿನದೆಲ್ಲ ಹಾಕಿ, ಮಹಡಿಯಲ್ಲಿ ನಿಂತು ನೆಲ ನೋಡಿ. ನಮ್ಮಲ್ಲಿ ಗೋಡೆಯ ಅಂಚಿಗುಂಟ, ತೊಲೆ ಗೋಡೆಯೊಳಗೆ ಹೋಗುವ ಕಡೆ, ವೈರಿನ ತೂತುಗಳಲ್ಲಿ ಬೆಳಕು ಗೆರೆಗೆರೆಯಾಗಿ ಕಂಡಿತು. ಒಂದು ಸಂದಿಯಲ್ಲಿ ಐದು ರೂಪಾಯಿ ನಾಣ್ಯ ನಿಲ್ಲಿಸಿದರೆ ಜಾರಿ ಕೆಳಗೇ ಬಿತ್ತು. ಬೆಳಕು ಬರುವಲ್ಲೆಲ್ಲ ಹೊಗೆಯೂ ಬರುತ್ತದೆ, ಅಲ್ವಾ.

ತೊಲೆಗಳ ಬಗ್ಗೆ ಜಾಸ್ತಿ ಹೆದರಬೇಡಿ. ಮರ ಉರಿಯುವ ಪ್ರತಿ ಬದಿಯಿಂದ ನಿಮಿಷಕ್ಕೆ ಸುಮಾರು 0.7 ಮಿ.ಮೀ. ಕರಕಲಾಗುತ್ತದೆ, ಆ ಕರಕಲೇ ಒಳಗಿನ ಮರವನ್ನು ಕಾಯುತ್ತದೆ. ಆರು ಇಂಚಿನ ತೊಲೆ ಅರ್ಧ ಗಂಟೆ ಉರಿದರೂ ಒಳಗೆ ಸುಮಾರು ನಾಲ್ಕು ಇಂಚು ಗಟ್ಟಿಯಾಗಿ ಉಳಿಯುತ್ತದೆ. ಕೈಕೊಡುವುದು ತೆಳ್ಳಗಿನ ಹಲಗೆ. ಸಂದಿ ಇದ್ದರಂತೂ ಇನ್ನೂ ಬೇಗ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಸೋಗೆ, ಅಂದರೆ ಅಡಿಕೆ ಗರಿ ಹೊದಿಸಿದ ಮಾಡಿನ ಮನೆಗಳಲ್ಲಿ ಮುಚ್ಚಿಗೆ (ಸೀಲಿಂಗ್) ಹಲಗೆಯ ಮೇಲೆ ದಪ್ಪಗೆ ಮಣ್ಣು ಬಳಿಯುತ್ತಿದ್ದರು, ಸೋಗೆ ಹೊತ್ತಿಕೊಂಡರೂ ಬೆಂಕಿ ಕೆಳಗೆ ಇಳಿಯದಿರಲಿ ಅಂತ. ನಿಮ್ಮಲ್ಲಿ ಅಂಥ ಮಣ್ಣು ಇನ್ನೂ ಉಳಿದಿದ್ದರೆ ದಯವಿಟ್ಟು ಕಸ ಅಂತ ತೆಗೆಸಬೇಡಿ.

ನಾವು ಮಾಡಿದ್ದು ಹೀಗೆ. ಮೊದಲು ಮಾಡಿನ ಸೋರಿಕೆ ನಿಲ್ಲಿಸಿ, ತೊಲೆಗಳಿಗೆ ಗೆದ್ದಲು ಹಿಡಿದಿದೆಯಾ ಅಂತ ನೋಡಿಸಿದೆವು, ಏಕೆಂದರೆ ಮುಚ್ಚಿದ ಮೇಲೆ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಅಗಲ ಸಂದಿಗೆ ಮರದ ಪಟ್ಟಿ ಬಡಿದು, ವೈರಿನ ತೂತಿಗೆ ಬೆಂಕಿ ತಡೆಯುವ ಸೀಲಂಟ್ (ಸಂದಿ ಮುಚ್ಚುವ ಅಂಟು) ತುಂಬಿದೆವು. ತೊಲೆಗಳ ನಡುವೆ ರಾಕ್‌ವೂಲ್ (ಉರಿಯದ ಕಲ್ಲಿನ ನಾರಿನ ಹಾಸು) ಇಟ್ಟು, ಕೆಳಗಿನಿಂದ ಬೆಂಕಿ ತಡೆಯುವ ಜಾತಿಯ ಜಿಪ್ಸಂ ಬೋರ್ಡ್ ಎರಡು ಪದರ ಹೊಡೆಸಿದೆವು, ಒಂದರ ಜೋಡಣೆಯ ಮೇಲೆ ಇನ್ನೊಂದರ ಜೋಡಣೆ ಬಾರದ ಹಾಗೆ. ಜಿಪ್ಸಂನ ತೂಕದಲ್ಲಿ ಐದನೇ ಒಂದು ಭಾಗ ನೀರೇ ಇರುತ್ತದೆ. ಆ ನೀರು ಆವಿಯಾಗಿ ಮುಗಿಯುವ ತನಕ ಬಿಸಿ ಅಷ್ಟಾಗಿ ಮೇಲೆ ದಾಟುವುದಿಲ್ಲ. ತುಂಬಾ ತೇವ ಹಿಡಿಯುವ ಕೋಣೆಗೆ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಒಳ್ಳೆಯದು. ತೊಲೆ ಕಾಣಲೇಬೇಕು ಅಂದರೆ ಬೋರ್ಡನ್ನು ತೊಲೆಗಳ ನಡುವೆ ಮಾತ್ರ ಕೂರಿಸಬಹುದು, ಆದರೆ ತೊಲೆಯ ಬದಿಯ ಅಂಚನ್ನು ಸರಿಯಾಗಿ ಸೀಲ್ ಮಾಡಿಸಿ.

ಬಡಗಿ ಸುಲಭ ಅಂತ ಸಂದಿಗೆ ಸಾಮಾನ್ಯ ಪಿಯು ಫೋಮ್ (ಉಬ್ಬಿ ಗಟ್ಟಿಯಾಗುವ ಪ್ಲಾಸ್ಟಿಕ್ ನೊರೆ) ಹೊಡೆಯಲು ಬಂದರೆ ಬೇಡ ಅನ್ನಿ. ಅದೇ ಹೊತ್ತಿ ಉರಿಯುತ್ತದೆ, ಹೊಗೆಯೂ ವಿಷ. ಥರ್ಮೋಕೋಲ್, ಪಿವಿಸಿ ಸೀಲಿಂಗೂ ಬೇಡ. ಹೊಸ ಬೋರ್ಡಿನಲ್ಲಿ ಲೈಟಿಗೆ ಅಂತ ಸಾಲು ಸಾಲು ತೂತು ಕೊರೆಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಬಿಸಿಗೆ ಉಬ್ಬಿಕೊಳ್ಳುವ ಪೇಂಟ್ ಇದೆಯಲ್ಲ, ಅದನ್ನು ಹೊರಗೆ ಕಾಣುವ ತೊಲೆಗೆ ಖಂಡಿತ ಹೊಡೆಸಿ, ಮಾರುವವರು ಹೇಳಿದಷ್ಟೇ ದಪ್ಪಕ್ಕೆ.

ಹಳೇ ಬಟ್ಟೆ ಸುತ್ತಿದ ವೈರು ಇದ್ದರೆ ಸೀಲಿಂಗ್ ಮುಚ್ಚುವ ಮೊದಲೇ ಬದಲಿಸಿ. ಕೆಳಗೊಂದು, ಮೇಲೊಂದು ಸ್ಮೋಕ್ ಅಲಾರಂ ಹಾಕಿ. ಒಲೆಯಿರುವ ಅಡುಗೆಮನೆಗೆ ಮಾತ್ರ ಹೊಗೆಗಲ್ಲ, ಬಿಸಿಗೆ ಕೂಗುವ ಹೀಟ್ ಡಿಟೆಕ್ಟರ್, ಇಲ್ಲದಿದ್ದರೆ ಸ್ಮೋಕ್ ಅಲಾರಂ ಒಲೆಯ ಹೊಗೆಗೆ ದಿನಾ ಕೂಗುತ್ತದೆ, ಬೇಸತ್ತು ಯಾರೋ ಬ್ಯಾಟರಿ ತೆಗೆದುಬಿಡುತ್ತಾರೆ. ಅತಿಥಿಗಳು ಮಲಗುವ ಮಹಡಿಗೆ ಒಂದೇ ಮರದ ಏಣಿಮೆಟ್ಟಿಲು ಇದ್ದರೆ ಹೊರಗಿನಿಂದ ಇನ್ನೊಂದು ದಾರಿ ಮಾಡಲೇಬೇಕು. ಮೆಟ್ಟಿಲ ಕೆಳಗೆ ಅಡಿಕೆ ಮೂಟೆ ಪೇರಿಸಿಟ್ಟಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ.

ಈ ಬೋರ್ಡಿನ ತೂಕ ಕಮ್ಮಿಯಲ್ಲ, ಹಾಗಾಗಿ ತೊಲೆಯ ಅಳತೆ, ತೊಲೆಯಿಂದ ತೊಲೆಗೆ ಎಷ್ಟು ಅಂತರ ಅಂತ ಬರೆದಿಟ್ಟುಕೊಂಡು ಒಬ್ಬ ಇಂಜಿನಿಯರ್‌ಗೆ ತೋರಿಸಿ, ಆಮೇಲೆ ಬಡಗಿಯನ್ನು ಕರೆಸಿ.