ಸಂಪಾದಕರ ಉತ್ತರ: ಸೊಪ್ಪು ಕೊಯ್ಯುವವರಿಗೆ ಯಾವ ಭಾಷೆಯಲ್ಲಿ ಹೇಳಬೇಕು?

ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ತಿರ ನಾಲ್ಕು ಎಕರೆಯಲ್ಲಿ ಬದನೆ, ಬೆಂಡೆ, ಹಸಿಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯ ಬೆಳೆದು ಭಾರತೀಯ ಅಂಗಡಿಗಳಿಗೆ ಹಾಕುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: “ಅಮೆರಿಕದ ತರಕಾರಿ ಬೆಳೆಗಾರರಿಗೂ ಕೂಲಿಯವರಿಗೂ ಆಹಾರ ಸುರಕ್ಷತೆಯನ್ನು ಸ್ಪ್ಯಾನಿಷ್‌ನಲ್ಲಿ ಕಲಿಸುವ ತರಗತಿಗಳನ್ನು ನಿಮ್ಮ ಪತ್ರಿಕೆ ಹೊಗಳಿದೆ. ನಾನು ಹಾಸನದಿಂದ ಬಂದು ಇಂಗ್ಲಿಷ್ ಕಲಿತೆ. ಇವರೇಕೆ ಕಲಿಯಬಾರದು? ಕರ್ನಾಟಕಕ್ಕೆ ಬಂದವರು ಕನ್ನಡ ಕಲಿಯಲಿ ಎನ್ನುವ ನೀವೇ ಇಲ್ಲಿ ಸ್ಪ್ಯಾನಿಷ್ ಪರ ನಿಲ್ಲುವುದು ಯಾವ ನ್ಯಾಯ? ನನ್ನಲ್ಲಿ ಮೂವರು ಮೆಕ್ಸಿಕನ್ ಕೆಲಸಗಾರರಿದ್ದಾರೆ. ಕ್ರೇಟು ತೊಳೆದು ಸ್ಯಾನಿಟೈಸ್ ಮಾಡಿ ಎಂದು ಹೇಳಿದರೆ ‘ಯೆಸ್, ಯೆಸ್’ ಎನ್ನುತ್ತಾರೆ. ಮರುದಿನ ನೋಡಿದರೆ ಮಣ್ಣು ಹಾಗೇ ಇದೆ, ಮೇಲೆ ಬ್ಲೀಚ್ ನೀರು ಸುರಿದಿದ್ದಾರೆ. ಕೊನೆಯದಾಗಿ, ನನ್ನಷ್ಟು ಸಣ್ಣ ಬೆಳೆಗಾರನಿಗೂ ಇಲ್ಲಿನ ಆಹಾರ ಸುರಕ್ಷತೆಯ ಕಾಯ್ದೆ ಅನ್ವಯಿಸುತ್ತದೆಯೇ?”

ಮಾನ್ಯರೇ,

ಇಂಗ್ಲಿಷ್ ಕಲಿತರೆ ಅವರಿಗೆ ಒಳ್ಳೆಯದು ಎಂಬ ನಿಮ್ಮ ಮಾತು ಸರಿ. ಕೂಲಿಯಿಂದ ಮೇಸ್ತ್ರಿಯಾಗಲು, ಡಬ್ಬದ ಮೇಲಿನ ಸೂಚನೆ ಓದಲು, ತುರ್ತಿನಲ್ಲಿ ಫೋನು ಮಾಡಲು ಅದು ಬೇಕೇ ಬೇಕು. ಆದರೆ ಇಂಗ್ಲಿಷ್ ಕಲಿಯಲು ವರ್ಷಗಳು ಹಿಡಿಯುತ್ತವೆ. ನಿಮ್ಮ ಕೊತ್ತಂಬರಿ ನಾಳೆ ಬೆಳಿಗ್ಗೆಯೇ ಅಂಗಡಿಗೆ ಹೋಗುತ್ತದೆ. ಅದನ್ನು ಕೊಯ್ಯುವ ಕೈಗೆ ಇವತ್ತೇ ವಿಷಯ ತಿಳಿದಿರಬೇಕು.

ನೀವು ದೂರಿದ ಆ ಕ್ರೇಟನ್ನೇ ನೋಡೋಣ. ‘ಕ್ಲೀನ್’, ‘ಸ್ಯಾನಿಟೈಸ್’ ಎಂಬ ಎರಡು ಮಾತು ಇಂಗ್ಲಿಷ್‌ನಲ್ಲಿ ಎರಡು ಕೆಲಸ: ಕೊಳೆ ತೆಗೆಯುವುದು ಒಂದು, ಕ್ರಿಮಿ ಕೊಲ್ಲುವುದು ಇನ್ನೊಂದು. ಸ್ಪ್ಯಾನಿಷ್‌ನಲ್ಲೂ ‘ಲಿಂಪಿಯಾರ್’ ಬೇರೆ, ‘ದೆಸಿನ್ಫೆಕ್ತಾರ್’ ಬೇರೆ. ಆದರೆ ಮನೆಯ ಮಾತಿನಲ್ಲಿ ಎರಡಕ್ಕೂ ಲಿಂಪಿಯಾರ್ ಎಂದರೆ ನಡೆಯುತ್ತದೆ, ನಮ್ಮಲ್ಲಿ ಎಲ್ಲಕ್ಕೂ ‘ತೊಳಿ’ ಎಂದಂತೆ. ಜೊತೆಗೆ ‘ಕ್ಲೋರೊ’ ಎಂದರೆ ಕ್ಲೋರಿನ್ನೂ ಹೌದು, ಮನೆಯಲ್ಲಿ ಬಟ್ಟೆಗೆ ಹಾಕುವ ಬ್ಲೀಚೂ ಹೌದು. ನಿಮ್ಮ ಕೆಲಸಗಾರ ಕೇಳಿಸಿಕೊಂಡದ್ದು ‘ಕ್ಲೋರೊ ಹಾಕಿ ತೊಳಿ’ ಎಂದು. ಅಷ್ಟನ್ನು ಅವನು ಮಾಡಿದ್ದಾನೆ.

ಕೆಲಸ ನಾಲ್ಕು ಹಂತದ್ದು. ಮೊದಲು ಕಣ್ಣಿಗೆ ಕಾಣುವ ಮಣ್ಣು, ಎಲೆ, ದಂಟಿನ ಚೂರು ಎಲ್ಲ ನೀರಿನಲ್ಲಿ ಹೋಗಬೇಕು. ಆಮೇಲೆ ಸೋಪು ಹಾಕಿ ಬ್ರಷ್ಷಿನಿಂದ ಉಜ್ಜಬೇಕು. ಮೂರನೆಯದು, ಸೋಪು ಉಳಿಯದಂತೆ ಶುದ್ಧ ನೀರಿನಲ್ಲಿ ಜಾಲಿಸಬೇಕು. ಕೊನೆಗೆ ಲೇಬಲ್ಲಿನಲ್ಲಿ ಹೇಳಿದ ಅಳತೆಯ ಸ್ಯಾನಿಟೈಸರ್ ಹಾಕಿ, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಬೇಕು. ಈ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ಕ್ಲೋರಿನ್‌ಗೆ ಮಣ್ಣು ಯಾವುದು, ಕ್ರಿಮಿ ಯಾವುದು ಎಂಬ ಭೇದವಿಲ್ಲ, ಮೊದಲು ಎದುರಾದದ್ದಕ್ಕೇ ಖರ್ಚಾಗಿಹೋಗುತ್ತದೆ. ಮಣ್ಣಿನಡಿಯ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ. ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ) 6.5ರಿಂದ 7.5ರ ಒಳಗಿರಬೇಕು, ಅದಕ್ಕಿಂತ ಹೆಚ್ಚಾದರೆ ಕ್ಲೋರಿನ್ ಇದ್ದೂ ಕೆಲಸ ಮಾಡುವುದಿಲ್ಲ. ಸುವಾಸನೆ ಬೆರೆಸಿದ ಬ್ಲೀಚನ್ನಂತೂ ಮುಟ್ಟಲೇಬಾರದು. ತೊಳೆಯುವ ವ್ಯವಸ್ಥೆ ಕೆಟ್ಟರೆ ಏನಾಗುತ್ತದೆ ಎಂಬುದು 2011ರಲ್ಲಿ ಕೊಲೊರಾಡೊದ ಖರ್ಬೂಜದಲ್ಲಿ ಕಂಡಿತು. ನೆಲದಲ್ಲಿ ನೀರು ನಿಲ್ಲುತ್ತಿದ್ದ, ಸಲೀಸಾಗಿ ತೊಳೆಯಲು ಬಾರದ ಯಂತ್ರವಿದ್ದ ಪ್ಯಾಕಿಂಗ್ ಶೆಡ್ಡಿನಿಂದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಹರಡಿ 33 ಜನ ಸತ್ತರು.

ಅದಕ್ಕೂ ಮುಂಚಿನ ಇಂಥ ಸಾವುಗಳ ಹಿನ್ನೆಲೆಯಲ್ಲೇ ಅಮೆರಿಕದ ಆಹಾರ ಸುರಕ್ಷತೆ ಆಧುನೀಕರಣ ಕಾಯ್ದೆ ಅದೇ ವರ್ಷದ ಜನವರಿಯಲ್ಲಿ ಬಂದಿತ್ತು. ಹಣ್ಣು ತರಕಾರಿಗೆ ಸಂಬಂಧಿಸಿದ ಅದರ ನಿಯಮ 2015ರ ನವೆಂಬರಿನಲ್ಲಿ ಅಂತಿಮವಾಯಿತು. ಅದರ ಪ್ರಕಾರ ಪ್ರತಿ ತೋಟದಿಂದ ಒಬ್ಬ ಮೇಲ್ವಿಚಾರಕನಾದರೂ ನಿಗದಿತ ತರಬೇತಿ ಪಡೆಯಬೇಕು. ಅದನ್ನು ರೂಪಿಸಿದ್ದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿರುವ ಪ್ರೊಡ್ಯೂಸ್ ಸೇಫ್ಟಿ ಅಲಯನ್ಸ್. ಕೆಲಸಗಾರರ ಆರೋಗ್ಯ, ಗೊಬ್ಬರ, ಪ್ರಾಣಿಗಳು, ನೀರು, ಕೊಯ್ಲಿನ ನಂತರದ ನಿರ್ವಹಣೆ ಎಂದೆಲ್ಲ ಏಳು ಪಾಠ, ಒಂದು ದಿನದ ತರಗತಿ. ಪಠ್ಯ ಸ್ಪ್ಯಾನಿಷ್‌ನಲ್ಲೂ ಇದೆ. ಇನ್ನು ಕೆಲಸಗಾರರಿಗೆ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೆ ಒಮ್ಮೆಯಾದರೂ ಕಲಿಸಬೇಕು, ಅದೂ ‘ಅವರಿಗೆ ಸುಲಭವಾಗಿ ಅರ್ಥವಾಗುವ ರೀತಿಯಲ್ಲಿ’. ಇದು ಆ ನಿಯಮದಲ್ಲೇ ಇರುವ ಮಾತು. ಹಾಗಾಗಿ ನಿಮ್ಮ ಮೂವರಿಗೆ ತಿಳಿಯುವಂತೆ ಹೇಳುವುದು ಅವರ ಮೇಲೆ ಯಾರೋ ತೋರಿಸುವ ದಯೆಯಲ್ಲ, ತೋಟದ ಯಜಮಾನನ ಹೊಣೆ.

ಈ ಪಾಠಗಳನ್ನು ಸ್ಪ್ಯಾನಿಷ್‌ಗೆ ತಂದವರ ಶ್ರಮವನ್ನು ಕನ್ನಡಿಗರಾದ ನಾವು ಬೇಗ ಅರಿಯಬಲ್ಲೆವು. ಫುಡ್ ಸೇಫ್ಟಿಯನ್ನು ‘ಸೆಗುರಿದಾದ್ ಅಲಿಮೆಂತಾರಿಯ’ ಎಂದುಬಿಟ್ಟರೆ ಹೊಟ್ಟೆಗೆ ಅನ್ನ ಸಿಗುವ ಭರವಸೆ ಎಂಬ ಅರ್ಥ ಬರುತ್ತದೆ. ಸರಿಯಾದ ಮಾತು ‘ಇನೊಕ್ವಿದಾದ್’, ಅಂದರೆ ತಿಂದವರಿಗೆ ಕೇಡು ಮಾಡದಿರುವ ಗುಣ. ನಮ್ಮಲ್ಲೂ 2006ರ ಕಾಯ್ದೆ ಆಹಾರ ಸುರಕ್ಷತೆಯದು, 2013ರದು ಆಹಾರ ಭದ್ರತೆಯದು. ಎರಡನ್ನೂ ಕಲಸಿ ಬರೆಯುವವರು ಎಷ್ಟು ಜನ ಬೇಕು? ಇನೊಕ್ವಿದಾದ್ ಶಾಲೆ ಕಂಡವರ ಮಾತು, ಹೊಲದಲ್ಲಿ ಯಾರೂ ಆಡುವುದಿಲ್ಲ. ಒಳ್ಳೆಯ ಶಿಕ್ಷಕ ಆ ಪದವನ್ನು ಹಲಗೆಯ ಮೇಲೆ ಬರೆದು, ‘ಇದನ್ನು ತಿಂದ ಮಗುವಿಗೆ ವಾಂತಿಭೇದಿ ಆಗಬಾರದು, ಅಷ್ಟೇ’ ಎಂದು ಬಿಡಿಸಿ ಹೇಳುತ್ತಾನೆ.

ಇನ್ನೂ ಅಪಾಯದ ಪದ ‘ಅಬೋನೊ’. ಹಸಿ ಸಗಣಿಯೂ ಅಬೋನೊ, ಕಳಿತ ಕಾಂಪೋಸ್ಟೂ ಅಬೋನೊ, ಚೀಲದ ಯೂರಿಯಾವೂ ಅಬೋನೊ. ನಮ್ಮ ‘ಗೊಬ್ಬರ’ ಇದರದೇ ಜೋಡಿ. ಆದರೆ ನಮ್ಮ ರೈತರು ತಿಪ್ಪೆ ಗೊಬ್ಬರ, ಸರ್ಕಾರಿ ಗೊಬ್ಬರ ಎಂದು ತಾವೇ ಬೇರ್ಪಡಿಸಿಕೊಂಡರು, ಯಾವ ಪಂಡಿತರ ಸಮಿತಿಯೂ ಕೂರಬೇಕಾಗಲಿಲ್ಲ. ಸೊಪ್ಪಿನ ಹೊಲದಲ್ಲಿ ಈ ಭೇದ ಪ್ರಾಣದ ಪ್ರಶ್ನೆ. ಮಗುಚಿ ಮಾಡುವ ಕಾಂಪೋಸ್ಟಿನ ರಾಶಿ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ದಿನ ಇರಬೇಕು, ಅಷ್ಟರೊಳಗೆ ಕನಿಷ್ಠ ಐದು ಸಲ ಮಗುಚಬೇಕು, ಇಲ್ಲದಿದ್ದರೆ ಹೊರಮೈಯ ತಣ್ಣನೆಯ ಸಗಣಿಯಲ್ಲಿ ಕ್ರಿಮಿ ಬದುಕಿಯೇ ಇರುತ್ತದೆ. ಹಸಿ ಸಗಣಿ ಹಾಕಿದರೆ, ಮಣ್ಣು ತಾಗುವ ಬೆಳೆಯ ಕೊಯ್ಲಿಗೆ 120 ದಿನ ಅಂತರವಿರಬೇಕು ಎಂಬುದು ಅಲ್ಲಿನ ಸಾವಯವ ನಿಯಮ. ಮಣ್ಣು ತಾಗದ ಬೆಳೆಗೆ 90 ದಿನ. ‘ಅಬೋನೊ ಹಾಕು’ ಎಂದಷ್ಟೇ ಹೇಳಿದ ಮೇಸ್ತ್ರಿ ಇವುಗಳಲ್ಲಿ ಯಾವುದನ್ನು ಹೇಳಿದ ಎಂದು ಕೆಲಸಗಾರ ಊಹಿಸಬೇಕಾಗುತ್ತದೆ.

ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ, ಹಸಿಯಾಗಿಯೇ ತಿನ್ನುವ ರೊಮೇನ್ ಲೆಟಿಸ್ ಸೊಪ್ಪಿನ ಹೊಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಗಿನ ಮಂಜು ಇನ್ನೂ ಆರಿಲ್ಲ. ಕೆಲಸಗಾರ್ತಿ ಬಗ್ಗಿ ಎಡಗೈಯಲ್ಲಿ ಗಿಡದ ತಲೆ ಹಿಡಿಯುತ್ತಾಳೆ, ಬಲಗೈಯ ಚಾಕು ಬುಡಕ್ಕೆ ಒಂದೇ ಏಟು. ಕೊಯ್ದ ದಂಟಿನಿಂದ ಬಿಳಿ ಹಾಲು ಒಸರುತ್ತದೆ. ಹೊರಗಿನ ಎರಡು ಎಲೆ ಕಿತ್ತೆಸೆದು ಹಿಂದೆ ಬರುವ ಯಂತ್ರದ ಮೇಲಿಡುತ್ತಾಳೆ. ಕೆಲವೇ ಸೆಕೆಂಡಿನ ಕೆಲಸ. ಆ ಸೆಕೆಂಡುಗಳಲ್ಲಿ ಚಾಕು ಮಣ್ಣಿಗೆ ತಗುಲಿತೇ, ಪಕ್ಕದ ಸಾಲಿನಲ್ಲಿ ಹಂದಿಯ ಹಿಕ್ಕೆ ಬಿದ್ದಿದೆಯೇ, ಕೈಜಾರಿ ನೆಲಕ್ಕೆ ಬಿದ್ದದ್ದನ್ನು ಮತ್ತೆ ಎತ್ತಿಡಬಹುದೇ ಎಂದು ತೀರ್ಮಾನಿಸುವವಳು ಅವಳೇ. ಕಚೇರಿಯಲ್ಲಿರುವ ಸುರಕ್ಷತಾ ಅಧಿಕಾರಿಯಲ್ಲ, ‘ಮಯೊರ್ದೋಮೊ’ ಎಂದು ಕರೆಯುವ ಮೇಸ್ತ್ರಿಯೂ ಅಲ್ಲ. ಬಿದ್ದದ್ದನ್ನು ಮಾರುವಂತಿಲ್ಲ. ಹಿಕ್ಕೆ ಕಂಡರೆ ಆ ಜಾಗದಲ್ಲಿ ಕೊಯ್ಯುವಂತಿಲ್ಲ. ಕ್ಯಾಲಿಫೋರ್ನಿಯಾದ ಸೊಪ್ಪು ಬೆಳೆಗಾರರ ಒಪ್ಪಂದ ಸುತ್ತ ಕನಿಷ್ಠ 5 ಅಡಿ ಬಿಡಬೇಕು ಎನ್ನುತ್ತದೆ. 2006ರಲ್ಲಿ ಪಾಲಕ್ ಸೊಪ್ಪಿನಿಂದ ಇ. ಕೋಲಿ ಬ್ಯಾಕ್ಟೀರಿಯಾ ಹರಡಿದಾಗ ಅದೇ ತಳಿ ಹತ್ತಿರದ ದನದ ಸಗಣಿಯಲ್ಲಿ, ಕಾಡುಹಂದಿಗಳಲ್ಲಿ ಸಿಕ್ಕಿತ್ತು. ಆ ಹೆಂಗಸಿಗೆ ‘ಕಂಡರೆ ನಿಲ್ಲಿಸು, ಕೂಗಿ ಹೇಳು, ಕೂಲಿ ಕಡಿತವಾಗುವುದಿಲ್ಲ’ ಎಂಬ ಮೂರು ಮಾತು ಅವಳ ಭಾಷೆಯಲ್ಲಿ ತಲುಪದಿದ್ದರೆ ಉಳಿದ ಕಾಗದಪತ್ರವೆಲ್ಲ ಇದ್ದೇನು?

ಕೈ ತೊಳೆಯುವುದನ್ನೂ ಹೀಗೇ ತೋರಿಸಿ ಕಲಿಸುತ್ತಾರೆ. ಕೈಗೆ ಹೊಳೆಯುವ ಪುಡಿ ಹಚ್ಚಿ, 20 ಸೆಕೆಂಡು ಸೋಪಿನಲ್ಲಿ ತೊಳೆಸಿ, ನೇರಳೆ ಟಾರ್ಚು ಬಿಡುತ್ತಾರೆ. ಹೆಬ್ಬೆರಳಿನ ಸುತ್ತ, ಉಗುರಿನ ಸಂದಿ, ಮಣಿಕಟ್ಟು ಇನ್ನೂ ಹೊಳೆಯುತ್ತಿರುತ್ತವೆ. ಅದಕ್ಕೆ ಅನುವಾದ ಬೇಕಿಲ್ಲ. ಆದರೆ ಪಾಯಖಾನೆಯಲ್ಲಿ ಒರೆಸಿಕೊಂಡ ಕಾಗದವನ್ನು ಮೂಲೆಯ ಬುಟ್ಟಿಗೆ ಹಾಕುವುದು ಮೆಕ್ಸಿಕೊದ ಎಷ್ಟೋ ಕಡೆ ರೂಢಿ, ಅಲ್ಲಿನ ಕೊಳವೆಗಳು ಕಾಗದ ತಡೆಯುವುದಿಲ್ಲ. ‘ಇಲ್ಲಿ ಕಾಗದವನ್ನು ಪಾಯಖಾನೆಯೊಳಗೇ ಹಾಕಿ’ ಎಂದು ಹೇಳುವಾಗ ಅವರ ರೂಢಿಗೆ ಕಾರಣವಿತ್ತೆಂದು ಬಲ್ಲವನು ಹೇಳಿದರೆ ಅವಮಾನವಾಗುವುದಿಲ್ಲ. ಈ ಸೂಕ್ಷ್ಮ ಸ್ಪ್ಯಾನಿಷ್ ಬಲ್ಲ, ಹೊಲದಿಂದಲೇ ಬಂದ ಶಿಕ್ಷಕನಿಗೆ ಸಹಜ. ಇಂಗ್ಲಿಷ್ ಶಿಕ್ಷಕನ ಪಕ್ಕದಲ್ಲಿ ದುಭಾಷಿ ನಿಲ್ಲಿಸಿದರೆ ಒಂದು ದಿನದ ಪಾಠ ಎರಡು ದಿನವಾಗುತ್ತದೆ, ಪ್ರಶ್ನೆ ಕೇಳುವವರು ಬಾಯಿ ಬಿಡುವುದಿಲ್ಲ.

ಹಾಗೆಂದು ಸ್ಪ್ಯಾನಿಷ್ ಬಂದರೆ ಎಲ್ಲ ಮುಗಿಯಿತೆಂದಲ್ಲ. ಮೆಕ್ಸಿಕೊದ ವಹಾಕದಿಂದ ಬಂದ ಎಷ್ಟೋ ಕೆಲಸಗಾರರ ತಾಯ್ನುಡಿ ಮಿಸ್ತೆಕೊ, ತ್ರಿಕಿ, ಸಪೊತೆಕೊ. ಅವರಿಗೆ ಸ್ಪ್ಯಾನಿಷ್ಷೂ ಕಲಿತ ಭಾಷೆಯೇ. ನಿಮ್ಮ ಫ್ರೆಸ್ನೊದಲ್ಲೇ 1980ರಲ್ಲಿ ಶುರುವಾದ ರೇಡಿಯೊ ಬಿಲಿಂಗ್ವೆ ಸ್ಪ್ಯಾನಿಷ್ ಜೊತೆಗೆ ಮಿಸ್ತೆಕೊಗೂ ಜಾಗ ಕೊಟ್ಟಿದೆ. ನಿಮ್ಮೂರಿನ ಕೃಷಿ ವಿಸ್ತರಣಾ ವಿಭಾಗ ಲಾವೋಸ್ ಮೂಲದ ಹ್ಮಾಂಗ್ ರೈತರಿಗೆ ಅವರದೇ ಭಾಷೆಯಲ್ಲಿ ರೇಡಿಯೊ ಪಾಠ ನಡೆಸಿದೆ. ನೀವು ಒಮ್ಮೆ ಕಿವಿಗೊಡಬೇಕಿತ್ತು.

ಈಗ ನಿಮ್ಮ ಬಿರುಸಿನ ಪ್ರಶ್ನೆ. ಕರ್ನಾಟಕದ ಬ್ಯಾಂಕಿನಲ್ಲಿ ನಾವು ಕನ್ನಡ ಕೇಳುವುದು ಹೊರಗಿನಿಂದ ಬಂದ ಗುಮಾಸ್ತರನ್ನು ಹಣಿಯಲು ಅಲ್ಲ. ಪಾಸ್‌ಬುಕ್ ಹಿಡಿದು ನಿಂತ ಅಜ್ಜಿಗೆ ತಾನು ಹೆಬ್ಬೆಟ್ಟು ಒತ್ತುವುದು ಯಾವುದಕ್ಕೆಂದು ತಿಳಿಯಲಿ ಎಂದು. ಸಲೀನಾಸಿನ ಕೆಲಸಗಾರ್ತಿಗೂ ಅದೇ ನ್ಯಾಯ. ಹೇಳುವ ಮಾತು ಕೇಳುವವರಿಗೆ ಅರ್ಥವಾಗಬೇಕು, ಹೊಣೆ ಹೇಳುವವರದು. ಈ ನ್ಯಾಯ ನಮ್ಮ ಕಡೆಗೂ ತಿರುಗುತ್ತದೆ, ತಿರುಗಲಿ. ಬಾಗೇಪಲ್ಲಿ, ಮುಳಬಾಗಿಲಿನ ಟೊಮೆಟೊ ಹೊಲದಲ್ಲಿ ಮನೆಮಾತು ತೆಲುಗು ಇರುವವರಿಗೆ ತೆಲುಗಿನಲ್ಲೂ ಹೇಳಬೇಕು. ಕೊಡಗಿನ ಕಾಫಿ ತೋಟಕ್ಕೆ ಅಸ್ಸಾಮಿನಿಂದ ಬಂದವರಿಗೆ ‘ಇಲ್ಲಿ ಸಿಂಪಡಣೆಯಾಗಿದೆ, ಒಳಗೆ ಬರಬೇಡಿ’ ಎಂಬುದು ಅವರ ಮಾತಿನಲ್ಲೇ ಸಿಗಬೇಕು. ಕನ್ನಡಕ್ಕೆ ಇದರಿಂದ ಎಳ್ಳಷ್ಟೂ ನಷ್ಟವಿಲ್ಲ.

ನಷ್ಟ ಆಗಿರುವುದು ಬೇರೆ ಕಡೆ. ಅಮೆರಿಕದ ಕೀಟನಾಶಕದ ಡಬ್ಬಗಳ ಮೇಲೆ ಬಹುಕಾಲ ಸೂಚನೆಯೆಲ್ಲ ಇಂಗ್ಲಿಷ್‌ನಲ್ಲಿದ್ದು, ಹೆಚ್ಚು ವಿಷದವುಗಳ ಮೇಲೆ ಮಾತ್ರ ಸ್ಪ್ಯಾನಿಷ್‌ನಲ್ಲಿ ‘ಈ ಲೇಬಲ್ ಅರ್ಥವಾಗದಿದ್ದರೆ ಯಾರಿಂದಲಾದರೂ ವಿವರವಾಗಿ ಕೇಳಿ ತಿಳಿದುಕೊಳ್ಳಿ’ ಎಂಬ ಒಂದು ವಾಕ್ಯ ಇರುತ್ತಿತ್ತು. 2022ರ ಕಾನೂನು ಅದನ್ನು ಹಂತಹಂತವಾಗಿ ತಿದ್ದಲು ಹೊರಟಿದೆ. ನಮ್ಮಲ್ಲಿ ಪ್ರಾದೇಶಿಕ ಭಾಷೆಯ ಚೀಟಿ ಇರಬೇಕೆಂಬ ನಿಯಮ ಹಳೆಯದೇ. ಆದರೆ ಆ ಚೀಟಿಯ ಅಕ್ಷರ ಸಾಸಿವೆಗಿಂತ ಸಣ್ಣದು, ಕನ್ನಡವೋ ಇಂಗ್ಲಿಷನ್ನು ಪದಕ್ಕೆ ಪದ ಇಳಿಸಿದ್ದು. ‘ಅಂತರ್ವ್ಯಾಪಿ’, ‘ಪ್ರತಿವಿಷ’, ‘ಶೇಷಾಂಶ’ ಎಂದು ಓದಿ ಯಾವ ರೈತ ಏನು ಮಾಡಬೇಕು? ಅವನು ಅದನ್ನು ಕರೆಯುವುದು ‘ಔಷಧಿ’ ಎಂದು. ಔಷಧಿ ಎಂದರೆ ಒಳ್ಳೆಯದು ಎಂಬ ಭಾವ ಬಂದುಬಿಡುತ್ತದೆ, ಬರಿಗೈಯಲ್ಲೇ ಕಲಸುತ್ತಾನೆ. ಡಬ್ಬದ ತ್ರಿಕೋನದಲ್ಲಿ ಕೆಂಪೆಂದರೆ ಕಡುವಿಷ, ನಂತರ ಹಳದಿ, ನೀಲಿ, ಹಸಿರು ಎಂಬಷ್ಟನ್ನು ಹಳ್ಳಿಯ ಅಂಗಡಿಕಟ್ಟೆಯಲ್ಲಿ ನಿಂತು ಹೇಳುವ ಒಬ್ಬರಿದ್ದರೆ ಸಾಕು. ವಿದೇಶಕ್ಕೆ ಹೋಗುವ ಮಿಡಿಸೌತೆಯನ್ನು ನಮ್ಮ ಸಣ್ಣ ರೈತರೇ ಬೆಳೆಯುತ್ತಾರೆ, ಏಕೆಂದರೆ ಯಾವಾಗ ಸಿಂಪಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಕಂಪನಿಯ ಹುಡುಗರು ಬದುವಿನ ಮೇಲೆ ನಿಂತು ಕನ್ನಡದಲ್ಲಿ ಹೇಳುತ್ತಾರೆ. ಹೊರಗಿನವರ ಹೊಟ್ಟೆಗೆ ಹೋಗುವುದಕ್ಕೆ ಸಿಗುವ ಈ ಕಾಳಜಿ ನಮ್ಮ ಸಂತೆಯ ಕೊತ್ತಂಬರಿ ಕಟ್ಟಿಗೆ ಯಾಕಿಲ್ಲ?

ಕೊನೆಯ ಪ್ರಶ್ನೆಗೆ ಬರೋಣ. ಮೂರು ವರ್ಷಗಳ ಸರಾಸರಿಯಲ್ಲಿ ನಿಮ್ಮ ಹಣ್ಣು ತರಕಾರಿಯ ಮಾರಾಟ ವರ್ಷಕ್ಕೆ 25,000 ಡಾಲರ್ ಮೀರದಿದ್ದರೆ ಈ ನಿಯಮ ನಿಮಗೆ ಅನ್ವಯಿಸುವುದಿಲ್ಲ (ಬೆಲೆಯೇರಿಕೆಗೆ ತಕ್ಕಂತೆ ಆ ಮೊತ್ತವೂ ಏರುತ್ತದೆ). ಮೀರಿದರೂ ಬದನೆ, ಬೆಂಡೆಗೆ ವಿನಾಯಿತಿ ಇದೆ, ಹಸಿಯಾಗಿ ತಿನ್ನುವುದು ಅಪರೂಪ ಎಂಬ ಪಟ್ಟಿಯಲ್ಲಿ ಅವೆರಡೂ ಇವೆ. ಕೊತ್ತಂಬರಿ, ಮೆಂತ್ಯ, ಹಸಿಮೆಣಸಿನಕಾಯಿ ಆ ಪಟ್ಟಿಯಲ್ಲಿಲ್ಲ. ಕೊತ್ತಂಬರಿಯಲ್ಲಂತೂ ಎಚ್ಚರ ಬೇಕು. ಮೆಕ್ಸಿಕೊದ ಪುಯೆಬ್ಲಾದಿಂದ ಬರುವ ಕೊತ್ತಂಬರಿಯನ್ನು 2015ರಿಂದ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಿ ಅಮೆರಿಕ ಗಡಿಯಲ್ಲೇ ತಡೆಯುತ್ತಿದೆ. ಅಲ್ಲಿನ ಕೆಲವು ಹೊಲಗಳಲ್ಲಿ ಮನುಷ್ಯರ ಮಲ, ಬಳಸಿದ ಕಾಗದ ಕಂಡಿತ್ತು. ಹರಡಿದ್ದು ಸೈಕ್ಲೋಸ್ಪೋರ ಎಂಬ ಭೇದಿ ತರುವ ಪರಾವಲಂಬಿ, ಅದು ಕ್ಲೋರಿನ್‌ಗೆ ಜಗ್ಗುವುದಿಲ್ಲ. ಸೊಪ್ಪು ತೊಳೆಯುವುದು ಬಾವಿ ನೀರಿನಲ್ಲಾದರೆ ಮೊದಲ ವರ್ಷ ನಾಲ್ಕು ಸಲ, ಎಲ್ಲ ಸರಿಯಿದ್ದರೆ ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. 100 ಮಿಲಿ ನೀರಿನಲ್ಲಿ ಇ. ಕೋಲಿ ಕಾಣಲೇಬಾರದು. ಕಾಲುವೆ ನೀರನ್ನು ಶುದ್ಧೀಕರಿಸದೆ ಕೊಯ್ದ ಸೊಪ್ಪಿಗೆ ಮುಟ್ಟಿಸಬೇಡಿ. ಪಾಯಖಾನೆ, ಸೋಪು, ಕೈ ಒರೆಸುವ ಕಾಗದ ಕೊಯ್ಯುವವರಿಗೆ ಹತ್ತಿರದಲ್ಲಿರಲಿ.

ಆ ಮೂವರನ್ನೂ ಮುಂದಿನ ಸ್ಪ್ಯಾನಿಷ್ ತರಗತಿಗೆ ಕೂಲಿ ಕೊಟ್ಟೇ ಕಳಿಸಿ. ಅವರು ಬಂದ ಮೇಲೆ ‘ಅರ್ಥವಾಯಿತೇ’ ಎಂದು ಕೇಳಬೇಡಿ. ಮಣ್ಣು ಮೆತ್ತಿದ ಒಂದು ಕ್ರೇಟು ಮುಂದಿಟ್ಟು, ‘ಮಾಡಿ ತೋರಿಸಿ’ ಎನ್ನಿ.

– ಸಂ.