ಕೊರಳಪಟ್ಟಿ ಹಿಡಿಯುವ ಮುನ್ನ

ದಾವಣಗೆರೆಯ ಓದುಗರೊಬ್ಬರು, ಸ್ವತಃ ಪ್ರೋಗ್ರಾಮರ್ ಆಗಿರುವವರು, ಹೀಗೆ ಬರೆದಿದ್ದಾರೆ: ‘2024ರಲ್ಲಿ ಎಕ್ಸ್‌ಝಡ್ ಎಂಬ ತಂತ್ರಾಂಶದೊಳಗೆ ಕಳ್ಳದಾರಿ ಪತ್ತೆಯಾದ ಪ್ರಕರಣದ ನಂತರವೂ ನಿಮ್ಮ ಪತ್ರಿಕೆ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ನೋಡಬಹುದಾದ ಮುಕ್ತ ತಂತ್ರಾಂಶವನ್ನು ಹೊಗಳುತ್ತಲೇ ಇದೆ. ಹೇಳುವವರು ಕೇಳುವವರು ಇಲ್ಲದ ತಂತ್ರಾಂಶವನ್ನು ಸರ್ಕಾರಿ ಕಚೇರಿಗಳು ನೆಚ್ಚಿಕೊಳ್ಳಬೇಕೇ? ಹಣ ಕೊಟ್ಟು ಕೊಂಡರೆ ಕೊರಳಪಟ್ಟಿ ಹಿಡಿದು ಕೇಳಲು ಒಂದು ಕಂಪನಿಯಾದರೂ ಇರುತ್ತದೆ.’

ಸಂಪಾದಕರ ಉತ್ತರ: ಒಳಗಿನ ಕೆಲಸ ಬಲ್ಲವರು ಹೀಗೆ ನೇರವಾಗಿ ಕೇಳುವುದು ನಮಗೆ ಸಂತೋಷ. ಕಂಪನಿಗಳ ಪಾಲನ್ನು ನಾವು ಅಲ್ಲಗಳೆಯುವುದಿಲ್ಲ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಬಹುಪಾಲು ಕೋಡನ್ನು ಇಂದು ಬರೆಯುತ್ತಿರುವವರು ಕಂಪನಿಗಳ ಸಂಬಳದ ಉದ್ಯೋಗಿಗಳೇ. ಎಕ್ಸ್‌ಝಡ್ ಒಳಸಂಚನ್ನು ಹಿಡಿದ ಆಂಡ್ರೆಸ್ ಫ್ರಾಯ್ಂಡ್ ಕೂಡ ಮೈಕ್ರೋಸಾಫ್ಟ್ ಉದ್ಯೋಗಿ.

ಆದರೆ ಆ ಪ್ರಕರಣವನ್ನು ನೀವು ಅರ್ಧಕ್ಕೇ ಓದಿ ನಿಲ್ಲಿಸಿದಂತಿದೆ. ಕಡತಗಳನ್ನು ಕುಗ್ಗಿಸುವ ಆ ಪುಟ್ಟ ತಂತ್ರಾಂಶವನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್. 2022ರಲ್ಲಿ ಅಪರಿಚಿತ ಹೆಸರುಗಳಿಂದ ಅವರಿಗೆ ಮೇಲಿಂದ ಮೇಲೆ ದೂರುಗಳು ಬಂದವು: ಕೆಲಸ ಕುಂಟುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದೂ ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದೂ ಅವರು ಎಲ್ಲರೂ ಓದುವಂತೆಯೇ ಬರೆದರು. ಆ ತಂತ್ರಾಂಶವನ್ನು ದಿನವೂ ಬಳಸುತ್ತಿದ್ದ ಶ್ರೀಮಂತ ಕಂಪನಿಗಳು ಆಗ ನೆರವಿಗೆ ಬರಲಿಲ್ಲ. ಬಂದದ್ದು ‘ಜಿಯಾ ಟ್ಯಾನ್’ ಎಂಬ ಹೆಸರಿನ, ಮುಖ ಕಾಣದ ಸಹಾಯಕ. ವಿಶ್ವಾಸ ಗಳಿಸಿ, 2024ರ ಆರಂಭದಲ್ಲಿ ಸರ್ವರುಗಳಿಗೆ ನುಗ್ಗುವ ಕಳ್ಳದಾರಿಯೊಂದನ್ನು ಅದರೊಳಗೆ ಹುದುಗಿಸಿದ. ದೂರದ ಸರ್ವರಿಗೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಕಂಡು ಫ್ರಾಯ್ಂಡ್ ಅದರ ಬೆನ್ನುಹತ್ತಿದರು, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಕೋಡ್ ತೆರೆದಿದ್ದುದರಿಂದಲೇ ಹೊರಗಿನವರೊಬ್ಬರಿಗೆ ಅಷ್ಟು ಆಳಕ್ಕೆ ಇಳಿಯಲು ಸಾಧ್ಯವಾಯಿತು.

ಇನ್ನು ಕೊರಳಪಟ್ಟಿಯ ಮಾತು. ಅದೇ ವರ್ಷದ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ಕಳುಹಿಸಿದ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಭಾರತದಲ್ಲೂ ವಿಮಾನ ಪ್ರಯಾಣಿಕರು ಕೈಬರಹದ ಬೋರ್ಡಿಂಗ್ ಪಾಸ್ ಹಿಡಿಯಬೇಕಾಯಿತು. ಅದು ಕಾಸು ಕೊಟ್ಟು ಕೊಂಡ ತಂತ್ರಾಂಶವೇ.

ಪುಕ್ಕಟೆ ದುಡಿದವರ ಕೊರಳಪಟ್ಟಿಗೆ ಕೈಹಾಕುವವರೂ ಇದ್ದಾರೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ, ಜಾವಾ ಭಾಷೆಯ ಮುಕ್ತ ತಂತ್ರಾಂಶದ ಲೋಪ ಬಯಲಾದ ಮೇಲೆ, ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್ ಎಂಬ ಮುಕ್ತ ತಂತ್ರಾಂಶವನ್ನು ನೋಡಿಕೊಳ್ಳುವ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ದೊಡ್ಡ ಕಂಪನಿಯೊಂದು ಪತ್ರ ಬರೆದು, ತನ್ನ ಪ್ರಶ್ನೆಗಳಿಗೆಲ್ಲ 24 ಗಂಟೆಯೊಳಗೆ ಉತ್ತರ ಕೊಡಬೇಕೆಂದು ಕೇಳಿತು. ಕರ್ಲ್ ಇರುವುದು ಸಿ ಭಾಷೆಯಲ್ಲಿ. ಲಾಗ್‌ಫೋರ್‌ಜೆಗೂ ಅದಕ್ಕೂ ಸಂಬಂಧವೇ ಇಲ್ಲ. ಮೊದಲು ಸಪೋರ್ಟ್ ಒಪ್ಪಂದಕ್ಕೆ ಸಹಿ ಹಾಕಿ, ಆಮೇಲೆ ಸಂತೋಷದಿಂದ ಉತ್ತರಿಸುತ್ತೇನೆ ಎಂದರು ಸ್ಟೆನ್‌ಬರ್ಗ್. ಆ ಉತ್ತರದಲ್ಲಿ ನಮಗೆ ಅಹಂಕಾರ ಕಾಣಲಿಲ್ಲ, ನ್ಯಾಯ ಕಂಡಿತು.

ಕನ್ನಡಕ್ಕೂ ಈ ಋಣವಿದೆ. ‘ಸೂರ್ಯ’ ಎಂದು ಟೈಪಿಸಿ ನೋಡಿ: ನೀವು ಮೊದಲು ಒತ್ತುವ ರಕಾರ, ಯಕಾರದ ಬಲಕ್ಕೆ ಸರಿದು ಅರ್ಕಾವತ್ತಾಗಿ ಕೂರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಅದನ್ನು ಸ್ವಸ್ಥಾನಕ್ಕೆ ತಂದು ಕೂರಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ರಾಜ್ಯೋತ್ಸವದ ವೇದಿಕೆಗಳಲ್ಲಿ ಭಾಷೆಯನ್ನು ಕೊಂಡಾಡುವ ನಾವು ಇಂಥ ಕೆಲಸ ಮಾಡಿದವರ ಹೆಸರನ್ನು ಎಂದಾದರೂ ಕೇಳಿದ್ದೇವೆಯೇ? ಕೆರೆಗೆ ಬಾಗಿನ ಬಿಡಲು ಮುಗಿಬೀಳುವ ಜನ ಹೂಳೆತ್ತಲು ಹಣ ಕೇಳಿದರೆ ಮುಖ ತಿರುಗಿಸುತ್ತಾರೆ. ತಂತ್ರಾಂಶದಲ್ಲೂ ಉದ್ಘಾಟನೆಗಿರುವ ಉತ್ಸಾಹ ದುರಸ್ತಿಗಿಲ್ಲ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು ಘೋಷಿಸಿತು. ಈ ಊರಿನ ಗಾತ್ರಕ್ಕೆ ಅಂಥ ಹತ್ತಾರು ನಿಧಿಗಳು ಇರಬೇಕಿತ್ತು.

ಆದ್ದರಿಂದ, ಮಿತ್ರರೇ, ನಿಮ್ಮ ಕಂಪನಿ ಯಾವ ಯಾವ ಮುಕ್ತ ತಂತ್ರಾಂಶಗಳ ಮೇಲೆ ನಿಂತಿದೆ, ಅವನ್ನು ನೋಡಿಕೊಳ್ಳುವವರಿಗೆ ಕಳೆದ ವರ್ಷ ಎಷ್ಟು ಹಣ ಕೊಟ್ಟಿದೆ ಎಂದು ವಿಚಾರಿಸಿ ಬರೆಯಿರಿ. ಕಂಪನಿಯ ಹೆಸರು ಬೇಡ. ನಿಮ್ಮ ಪತ್ರವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.