ಗಡಿಯಾರವನ್ನು ಒಪ್ಪಿಕೊಂಡವರು, ಊರು ಬಿಟ್ಟ ತಂಡವನ್ನು ಯಾಕೆ ಕ್ಷಮಿಸಲ್ಲ?

ಅಮೆರಿಕದ ಕ್ರೀಡೆಗಳಲ್ಲಿ ಈಚೆಗೆ ಬದಲಾದ ನಿಯಮಗಳು, ಅಲ್ಲಿನ ದುಡ್ಡಿನ ತೀರ್ಮಾನಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆ. ಬಂದ ಪತ್ರಗಳಲ್ಲಿ ಪ್ರಶ್ನೆಗಿಂತ ಸಿಟ್ಟೇ ಜಾಸ್ತಿ. ಇರಲಿ, ಸಿಟ್ಟಿನೊಳಗೂ ಒಂದು ಪ್ರಶ್ನೆ ಇರುತ್ತದೆ. ಆರು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಗಡಿಯಾರ ಇಲ್ಲದಿರುವುದೇ ಬೇಸ್‌ಬಾಲ್‌ನ ಸೊಗಸು ಅನ್ನುತ್ತಿದ್ದರು. 2023ರಲ್ಲಿ ಪಿಚ್ ಕ್ಲಾಕ್ (ಪ್ರತಿ ಎಸೆತಕ್ಕೂ ಸಮಯ ಕಟ್ಟುವ ಗಡಿಯಾರ) ತಂದು ಅದನ್ನೂ ಕೆಡಿಸಿದರು. ಎಲ್ಲ ಟಿವಿಯವರಿಗಾಗಿ ಅಲ್ವಾ?

ಮೊದಲು ನಿಮ್ಮ ಸಿಟ್ಟಿಗೆ ಒಳ್ಳೆಯ ಸಾಕ್ಷಿಯನ್ನು ನಾನೇ ಕೊಡುತ್ತೇನೆ. 2023ರ ಫೆಬ್ರವರಿ 25. ಫ್ಲಾರಿಡಾದಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ನಡುವೆ ಅಭ್ಯಾಸ ಪಂದ್ಯ. ಸ್ಕೋರು 6-6, ಒಂಬತ್ತನೇ ಇನಿಂಗ್ಸ್‌ನ ಕೊನೆ, ಎರಡು ಔಟ್, ಮೂರೂ ಬೇಸ್‌ಗಳಲ್ಲಿ ಆಟಗಾರರು. ಬ್ಯಾಟರ್ ಕ್ಯಾಲ್ ಕಾನ್ಲಿ ಮುಂದೆ ಮೂರು ಬಾಲ್, ಎರಡು ಸ್ಟ್ರೈಕ್. ಬಾಲ್ ಅಂದರೆ ತಪ್ಪು ಎಸೆತ, ನಾಲ್ಕಾದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. ಸ್ಟ್ರೈಕ್ ಮೂರಾದರೆ ಔಟ್. ಇನ್ನೊಂದು ಬಾಲ್ ಸಿಕ್ಕರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು, ರನ್ ಬಂದು, ಬ್ರೇವ್ಸ್ ಗೆದ್ದಂತೆ. ಅಂಪೈರ್ ಆಟ ನಿಲ್ಲಿಸಿದರು. ಗೆದ್ದೆವು ಅಂದುಕೊಂಡು ಕಾನ್ಲಿ ಮೊದಲ ಬೇಸ್ ಕಡೆ ಹೊರಟೇಬಿಟ್ಟರು. ಆದರೆ ಅಂಪೈರ್ ಕೊಟ್ಟಿದ್ದು ಸ್ಟ್ರೈಕು. ಗಡಿಯಾರದಲ್ಲಿ 8 ಸೆಕೆಂಡ್ ಉಳಿದಿರುವಾಗ ಬ್ಯಾಟರ್ ಸಿದ್ಧನಾಗಿ ನಿಂತಿರಬೇಕು, ಇವರು ನಿಂತಿರಲಿಲ್ಲ. ಪಂದ್ಯ ಡ್ರಾ. ಚೆಂಡೇ ಎಸೆಯದೆ ಪಂದ್ಯ ಮುಗಿಯಿತು!

ಇನ್ನು ಮೇಲೆ ಇದೇ ಕತೆ ಅಂತ ಎಲ್ಲರೂ ತಲೆ ಚಚ್ಚಿಕೊಂಡರು. ಆದರೆ ಹಾಗಾಗಲಿಲ್ಲ. ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ಯಾರಾದರೂ ನಿಂತಿದ್ದರೆ 20 (ಮರುವರ್ಷ ಇದನ್ನು 18ಕ್ಕೆ ಇಳಿಸಿದರು). ಅಷ್ಟರೊಳಗೆ ಪಿಚರ್ ಎಸೆಯಲು ಶುರು ಮಾಡಬೇಕು. ಆಟಗಾರರು ಕೆಲವೇ ವಾರಗಳಲ್ಲಿ ಹೊಂದಿಕೊಂಡರು. 2022ರಲ್ಲಿ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿತ್ತು, 2023ರಲ್ಲಿ 2 ಗಂಟೆ 40 ನಿಮಿಷ. ಕಡಿಮೆಯಾದ ಆ 24 ನಿಮಿಷದಲ್ಲಿ ಆಟ ಏನೂ ಇರಲಿಲ್ಲ. ಗ್ಲೌಸ್ ಬಿಚ್ಚಿ ಕಟ್ಟುವುದು, ಟೋಪಿ ಸರಿ ಮಾಡಿಕೊಳ್ಳುವುದು, ಸುಮ್ನೆ ಆಕಾಶ ನೋಡುವುದು, ಇಷ್ಟೇ. ಪ್ರೇಕ್ಷಕರ ಒಟ್ಟು ಸಂಖ್ಯೆ 7 ಕೋಟಿ ದಾಟಿತು.

ಟಿವಿ ಜಾಹೀರಾತು ಹೆಚ್ಚಾಗಿ ಬರುವುದು ಇನಿಂಗ್ಸ್‌ಗಳ ನಡುವೆ. ಗಡಿಯಾರದಿಂದ ಅದಕ್ಕೆ ಅಂಥ ವ್ಯತ್ಯಾಸ ಆಗಲಿಲ್ಲ. ಪೆಟ್ಟು ಬಿದ್ದಿದ್ದು ಬಿಯರ್ ಮಾರುವವರಿಗೆ. ಪಂದ್ಯ ಬೇಗ ಮುಗಿಯುತ್ತದೆ ಎಂದು ಕೆಲವು ತಂಡಗಳು ಏಳನೇ ಇನಿಂಗ್ಸ್‌ಗೆ ನಿಲ್ಲಿಸುತ್ತಿದ್ದ ಮಾರಾಟವನ್ನು ಎಂಟಕ್ಕೂ ಎಳೆದವು.

ಇನ್ನೊಂದು ವಿಷಯ ಗಮನಿಸಿ. ಈ ನಿಯಮ ಪಾಸು ಮಾಡಿದ ಸಮಿತಿಯಲ್ಲಿ 11 ಮಂದಿ: ಮಾಲೀಕರ ಕಡೆಯವರು ಆರು, ಆಟಗಾರರು ನಾಲ್ಕು, ಅಂಪೈರ್ ಒಬ್ಬರು. ನಾಲ್ಕೂ ಆಟಗಾರರು ಗಡಿಯಾರ ಬೇಡ ಅಂದರು. ಲೆಕ್ಕ ನೀವೇ ಹಾಕಿ. ನಿಯಮ ಒಳ್ಳೆಯದಾಯಿತು ಅನ್ನುವುದು ಬೇರೆ ಮಾತು, ಅದನ್ನು ಹೇರಿದ ರೀತಿ ಬೇರೆ ಮಾತು. ಎರಡನ್ನೂ ಕಲಸಿ ಜಗಳ ಆಡುವುದರಿಂದಲೇ ಈ ಚರ್ಚೆ ಮುಗಿಯುವುದಿಲ್ಲ.

ಹಳೆಯದೊಂದು ನೆನಪಿಸುತ್ತೇನೆ. 1950ರಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ವಿರುದ್ಧ ಚೆಂಡು ಹಿಡಿದುಕೊಂಡೇ ನಿಂತು 19-18ರಲ್ಲಿ ಗೆದ್ದಿತು. ಅದು ಬ್ಯಾಸ್ಕೆಟ್‌ಬಾಲ್ ಪಂದ್ಯ! ಅಂಥ ಕಾಟ ತಪ್ಪಿಸಲು 1954ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಕಡೆಯವರ ಲೆಕ್ಕ ಸರಳ. ಪಂದ್ಯಕ್ಕೆ 2,880 ಸೆಕೆಂಡ್, ನೋಡುವ ಹಾಗಿರುವ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್. ಭಾಗಿಸಿ. ಇವತ್ತು ಆ ಗಡಿಯಾರ ಬೇಡ ಅನ್ನುವವರು ಒಬ್ಬರನ್ನು ತೋರಿಸಿ, ನೋಡೋಣ.

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್‌ನನ್ನು (ದಾಳಿ ನಡೆಸುವ ಮುಖ್ಯ ಆಟಗಾರ) ಮುಂದೆ ಸಾಗಲೆಂದು ಹಿಂದಿನಿಂದ ತಳ್ಳುವ ‘ಟಶ್ ಪುಶ್’ ಅನ್ನು ಯಾಕೆ ನಿಷೇಧಿಸಲಿಲ್ಲ?

ಎರಡು ಓಟು ಕಡಿಮೆಯಾಯಿತು, ಅಷ್ಟೇ. 2025ರ ಮೇ ತಿಂಗಳಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂದ ನಿಷೇಧದ ಪ್ರಸ್ತಾವಕ್ಕೆ 22 ತಂಡ ಹೌದು ಅಂದವು, 10 ಬೇಡ ಅಂದವು. 32ರಲ್ಲಿ 24 ಬೇಕಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಫಿಲಡೆಲ್ಫಿಯಾ ಈಗಲ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತದೆ ಅನ್ನುವ ಹೊಟ್ಟೆಕಿಚ್ಚು ಆ 22ರಲ್ಲಿ ಸ್ವಲ್ಪವಾದರೂ ಇತ್ತು.

ಪ್ರಶ್ನೆ: ತಂಗಿಯ ಮಗಳು ಅಮೆರಿಕದ ಕಾಲೇಜೊಂದರಲ್ಲಿ ಈಜು ತಂಡದಲ್ಲಿದ್ದಾಳೆ. ಸ್ಕಾಲರ್‌ಶಿಪ್ ಇಲ್ಲ, ಆದರೂ ತಂಡದಲ್ಲಿ ಜಾಗ ಇದೆ. ಈಗ ಕಾಲೇಜು ಆಟಗಾರರಿಗೆ ಸಂಬಳ ಕೊಡುತ್ತಾರಂತಲ್ಲ, ಇವಳಿಗೂ ಸಿಗುತ್ತದಾ?

ಸಿಗುವುದು ಕಷ್ಟ. ಸಿಕ್ಕರೂ ತಗೊಳ್ಳುವ ಮುಂಚೆ ಹತ್ತು ಸಲ ಯೋಚಿಸಬೇಕು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ದಶಕಗಳ ಕಾಲ ಒಂದೇ ಮಾತು ಹೇಳುತ್ತಿತ್ತು: ಇವರು ವಿದ್ಯಾರ್ಥಿಗಳು, ದುಡ್ಡಿಗೆ ಆಡುವವರಲ್ಲ. ಕೋಚ್‌ಗೆ ಕೋಟಿಗಟ್ಟಲೆ, ಟಿವಿಯಿಂದ ಕೋಟಿಗಟ್ಟಲೆ. ಆಡುವವನಿಗೆ ಫೀಸು, ಊಟ, ರೂಮು. 2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಆ ತೀರ್ಪು ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗಷ್ಟೇ ಸೀಮಿತ. ಆದರೆ ಗೋಡೆ ಬಿರುಕು ಬಿಟ್ಟಿತು. ಜುಲೈ 1ರಿಂದಲೇ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. ಇದನ್ನೇ ಎನ್‌ಐಎಲ್ (ನೇಮ್, ಇಮೇಜ್, ಲೈಕ್‌ನೆಸ್) ಅನ್ನುವುದು.

ನೀವು ಕೇಳಿದ ‘ಸಂಬಳ’ ಅದರ ಮುಂದಿನ ಹೆಜ್ಜೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಈಗಿನವರಿಗೆ ಕಾಲೇಜುಗಳು ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ‘ಕೊಡಬಹುದು’ ಅನ್ನುವುದನ್ನು ಗಮನಿಸಿ, ಕೊಡಲೇಬೇಕು ಅಂತಿಲ್ಲ. ಯಾರಿಗೆ ಎಷ್ಟು ಅನ್ನುವುದು ಕಾಲೇಜಿನ ಇಷ್ಟ. ದುಡ್ಡು ತರುವುದು ಫುಟ್‌ಬಾಲ್, ಆಮೇಲೆ ಪುರುಷರ ಬ್ಯಾಸ್ಕೆಟ್‌ಬಾಲ್. ದೊಡ್ಡ ಪಾಲೂ ಅಲ್ಲಿಗೇ ಹೋಗುತ್ತದೆ. ಈಜುಕೊಳದವರೆಗೆ ಹರಿದು ಬರುವುದು ಹನಿಯಷ್ಟು.

ಅದಕ್ಕಿಂತ ನಿಮ್ಮ ಹುಡುಗಿ ಗಮನಿಸಬೇಕಾದ್ದು ಬೇರೆ. ಇದೇ ರಾಜಿಯಲ್ಲಿ ಸ್ಕಾಲರ್‌ಶಿಪ್‌ಗಳ ಮಿತಿ ತೆಗೆದು, ತಂಡದಲ್ಲಿ ಎಷ್ಟು ಜನ ಇರಬಹುದು ಅನ್ನುವುದಕ್ಕೆ ಮಿತಿ ಹಾಕಿದರು. ಇದರಿಂದ ಏಟು ತಿನ್ನುವುದು ಯಾರು? ಸ್ಕಾಲರ್‌ಶಿಪ್ ಇಲ್ಲದೆ ಪ್ರೀತಿಗೆ ಆಡುವ ಇಂಥ ಮಕ್ಕಳೇ. ರಾಜಿಗೆ ಒಪ್ಪಿಗೆ ಸಿಗುವ ಮೊದಲೇ ಹಲವು ಕಾಲೇಜುಗಳು ಅಂಥವರನ್ನು ಮನೆಗೆ ಕಳಿಸಿದವು. ಆಗ ನ್ಯಾಯಾಧೀಶೆಯೇ ತಡೆದು, ಹಾಗೆ ಜಾಗ ಕಳೆದುಕೊಂಡವರನ್ನು ಮಿತಿಯ ಲೆಕ್ಕಕ್ಕೆ ಸೇರಿಸದೆ ಮತ್ತೆ ತಗೊಳ್ಳಲು ದಾರಿ ಮಾಡಿಸಿದರು. ಮತ್ತೆ ತಗೊಳ್ಳಲೇಬೇಕು ಅಂತ ಮಾತ್ರ ಹೇಳಲಿಲ್ಲ. ಮುಂದಿನ ವರ್ಷಕ್ಕೆ ಜಾಗ ಇದೆಯಾ ಅಂತ ಈಗಲೇ ಕೋಚ್‌ನನ್ನು ನೇರವಾಗಿ ಕೇಳಲಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಲಿ.

ಇನ್ನು ವೀಸಾ. ಅವಳು ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದರೆ ಅಮೆರಿಕದಲ್ಲಿ ದುಡಿಯಲು ಕಟ್ಟುನಿಟ್ಟಿನ ಮಿತಿ ಇದೆ. ಯಾವುದೋ ಅಂಗಡಿಯವರು ಒಂದು ರೀಲ್ ಮಾಡಿಕೊಡು, ದುಡ್ಡು ಕೊಡುತ್ತೇವೆ ಅಂದರೂ ವೀಸಾಕ್ಕೇ ಕುತ್ತು ಬರಬಹುದು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಆಡಿದ ಕೆನಡಾದ ಜ್ಯಾಕ್ ಈಡಿ ಎರಡು ವರ್ಷ ದೇಶದ ಶ್ರೇಷ್ಠ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ ಅನ್ನಿಸಿಕೊಂಡರು. ಅವರಿಗೂ ಇದೇ ತೊಡಕು ಇತ್ತು. ಯಾವ ಕಾಗದಕ್ಕೂ ಸಹಿ ಹಾಕುವ ಮುಂಚೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಲಿ. ತಂಡದ ಗೆಳತಿಯರು ತಗೊಂಡರು ಅನ್ನುವುದು ಇವಳಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ನೂರು ವರ್ಷದ ಪ್ಯಾಕ್-12 ಒಂದೇ ಬೇಸಿಗೆಯಲ್ಲಿ ಹೇಗೆ ಕುಸಿಯಿತು?

1915ರಲ್ಲಿ ಹುಟ್ಟಿದ, ಪಶ್ಚಿಮ ಕರಾವಳಿಯ ಕಾಲೇಜುಗಳು ತಮ್ಮತಮ್ಮಲ್ಲೇ ಆಡುವ ಕ್ರೀಡಾ ಕೂಟ (ಕಾನ್ಫರೆನ್ಸ್) ಅದು. ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳ ಲೆಕ್ಕದಲ್ಲಿ ತನ್ನನ್ನು ‘ಚಾಂಪಿಯನ್ನರ ಕಾನ್ಫರೆನ್ಸ್’ ಎಂದೇ ಕರೆದುಕೊಳ್ಳುತ್ತಿತ್ತು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳಾದ ಯುಎಸ್‌ಸಿ, ಯುಸಿಎಲ್‌ಎ ಹೊರಡುತ್ತೇವೆ ಅಂದವು. ಹೊರಟಿದ್ದು ಬಿಗ್ ಟೆನ್ ಅನ್ನುವ ಇನ್ನೊಂದು ಕೂಟಕ್ಕೆ. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್ 700 ಕೋಟಿ ಡಾಲರ್‌ಗೂ ಮೀರಿದ ಏಳು ವರ್ಷದ ಟಿವಿ ಒಪ್ಪಂದ ಮಾಡಿಕೊಂಡಿತು.

ಉಳಿದವರು ಒಂದು ವರ್ಷ ಕಾದರು. ಕೈಗೆ ಬಂದಿದ್ದು ಆ್ಯಪಲ್ ಕಂಪನಿಯ ಸ್ಟ್ರೀಮಿಂಗ್ ಒಪ್ಪಂದದ ಆಸೆ. ಚಂದಾದಾರರು ಹೆಚ್ಚಾದರೆ ದುಡ್ಡೂ ಹೆಚ್ಚು ಅನ್ನುವ ಲೆಕ್ಕ ಅದು. 2023ರ ಆಗಸ್ಟ್ 4ರ ಒಂದೇ ದಿನದಲ್ಲಿ ಐದು ತಂಡ ಖಾಲಿ! ಆರೆಗನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ನಲ್ಲಿ ಬೇರೆಯವರಿಗಿಂತ ಕಡಿಮೆ ಪಾಲಿಗೂ ಒಪ್ಪಿ ಹೋದವು. ಕಡಿಮೆಯಾದರೂ ಖಾತ್ರಿ ದುಡ್ಡು ಬೇಕು ಅನ್ನಿಸಿತ್ತು. ಕೊನೆಗೆ ಉಳಿದಿದ್ದು ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ. ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಸೇರಿದ್ದು ಎಲ್ಲಿಗೆ ಗೊತ್ತಾ? ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ. ಬಿಗ್ ಟೆನ್‌ನಲ್ಲಿ ಈಗ 18 ತಂಡ. ಭೂಗೋಳವೂ ಗಣಿತವೂ ಒಟ್ಟಿಗೇ ರಜೆ ಹಾಕಿವೆ.

ಫುಟ್‌ಬಾಲ್ ತಂಡಕ್ಕೆ ಇದು ದೊಡ್ಡ ಕಷ್ಟವಲ್ಲ. ವಾರಕ್ಕೊಂದು ಪಂದ್ಯ, ತಂಡಕ್ಕೇ ಅಂತ ಒಂದು ವಿಮಾನ. ಲಾಸ್ ಏಂಜಲೀಸ್‌ನ ವಾಲಿಬಾಲ್ ಹುಡುಗಿಯರನ್ನು ನೆನೆಯಿರಿ. ನ್ಯೂಜೆರ್ಸಿಯ ರಟ್ಗರ್ಸ್ ಈಗ ಅವರದೇ ಕಾನ್ಫರೆನ್ಸ್ ತಂಡ, ಹೋಗಲು ಸುಮಾರು 3,900 ಕಿಲೋಮೀಟರ್, ಮೂರು ಗಂಟೆಯ ಕಾಲವ್ಯತ್ಯಾಸ. ವಾಪಸ್ ಬಂದು ಬೆಳಿಗ್ಗೆ ಕ್ಲಾಸಿಗೆ ಕೂರಬೇಕು. ಈ ತೀರ್ಮಾನ ಮಾಡಿದ ಕುಲಪತಿಗಳ ಕೋಣೆಯಲ್ಲಿ ಇವರ ಮಾತಿಗೆ ಎಷ್ಟು ತೂಕ ಇತ್ತೋ ನೀವೇ ಊಹಿಸಿ.

ಪ್ರಶ್ನೆ: ಪಂದ್ಯಗಳೆಲ್ಲ ಒಂದೊಂದು ಆ್ಯಪ್‌ಗೆ ಹಂಚಿಹೋಗಿವೆ. ಇದು ನಿಲ್ಲುತ್ತದಾ?

ನಿಲ್ಲುವುದಿಲ್ಲ. 2024ರ ಜನವರಿಯಲ್ಲಿ ಕ್ಯಾನ್ಸಸ್ ಸಿಟಿ ಮತ್ತು ಮಯಾಮಿ ನಡುವಿನ ಎನ್‌ಎಫ್‌ಎಲ್ (ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಲೀಗ್) ಪ್ಲೇಆಫ್ ಪಂದ್ಯವನ್ನು ಎರಡು ತಂಡಗಳ ಊರು ಬಿಟ್ಟರೆ ಪೀಕಾಕ್ ಆ್ಯಪ್‌ನಲ್ಲಿ ಮಾತ್ರ ತೋರಿಸಿದರು. ಎಲ್ಲರೂ ಬೈದರು, ಬೈಯುತ್ತಲೇ ದುಡ್ಡು ಕಟ್ಟಿದರು. ಸುಮಾರು 2.3 ಕೋಟಿ ಜನ ನೋಡಿದರು. ಮರುವರ್ಷ ಇನ್ನೊಂದು ಪ್ಲೇಆಫ್ ಪಂದ್ಯ ಅಮೆಜಾನ್‌ಗೆ ಹೋಯಿತು. ನಾವು ಬೈದಿದ್ದು ಅವರಿಗೆ ಕೇಳಿಸಲೇ ಇಲ್ಲ, ದುಡ್ಡು ಕಟ್ಟಿದ್ದು ಮಾತ್ರ ಕಾಣಿಸಿತು.

ಪ್ರಶ್ನೆ: ಹದಿನೈದು ವರ್ಷ ಓಕ್ಲೆಂಡ್‌ನಲ್ಲಿದ್ದೆ. ಎ’ಸ್ (ಅಥ್ಲೆಟಿಕ್ಸ್) ಬೇಸ್‌ಬಾಲ್ ತಂಡ ಊರು ಬಿಟ್ಟು ಹೋದದ್ದು ಇನ್ನೂ ನೋಯುತ್ತದೆ. ಪಿಚ್ ಕ್ಲಾಕ್ ಮರೆತ ಹಾಗೆ ಇದನ್ನೂ ಜನ ಮರೆಯುತ್ತಾರಾ?

ಮರೆಯುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ನಿಯಮ ಬದಲಾದರೆ ನೋಡುವ ಕಣ್ಣು ಒಂದು ಸೀಸನ್‌ನಲ್ಲಿ ಹೊಂದಿಕೊಳ್ಳುತ್ತದೆ. ತಂಡವೇ ಹೋದರೆ ಕಣ್ಣು ಯಾವುದಕ್ಕೆ ಹೊಂದಿಕೊಳ್ಳಬೇಕು?

2023ರ ಜೂನ್ 13 ನಿಮಗೆ ನೆನಪಿರುತ್ತದೆ. ಸ್ಟೇಡಿಯಂ ಖಾಲಿ ಹೊಡೆಯುತ್ತದೆ, ಓಕ್ಲೆಂಡ್‌ನವರಿಗೆ ತಂಡ ಬೇಕಿಲ್ಲ ಅನ್ನುವ ಮಾತಿಗೆ ಉತ್ತರವಾಗಿ ಅಭಿಮಾನಿಗಳು ‘ಉಲ್ಟಾ ಬಹಿಷ್ಕಾರ’ ಮಾಡಿದರು. ಬರದೆ ಕೂರುವ ಬದಲು ತುಂಬಿ ತುಳುಕಿದರು. 27,759 ಜನ. ಎದೆಯ ಮೇಲೆ ‘ಸೆಲ್’ ಅಂತ ಬರೆದ ಹಸಿರು ಅಂಗಿ. ತಂಡ ಮಾರಿ ಹೋಗು ಅಂತ ಮಾಲೀಕ ಜಾನ್ ಫಿಶರ್‌ಗೆ ಹೇಳುವ ಬಗೆ ಅದು. ಅವತ್ತೇ, ಅದೇ ದಿನ, ನೆವಾಡ ಸೆನೆಟ್ ಲಾಸ್ ವೇಗಸ್ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆ ಪಾಸು ಮಾಡಿತು. ನವೆಂಬರ್‌ನಲ್ಲಿ 30 ತಂಡಗಳ ಮಾಲೀಕರೂ ಸ್ಥಳಾಂತರಕ್ಕೆ ಹೌದು ಅಂದರು. ಒಬ್ಬರೂ ಬೇಡ ಅನ್ನಲಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ತಂಡ ಓಕ್ಲೆಂಡ್‌ಗೆ 1968ರಲ್ಲಿ ಬಂದಿದ್ದೂ ಕ್ಯಾನ್ಸಸ್ ಸಿಟಿಯನ್ನು ಬಿಟ್ಟು, ಅಲ್ಲಿಗೆ ಹೋಗಿದ್ದು ಫಿಲಡೆಲ್ಫಿಯಾವನ್ನು ಬಿಟ್ಟು. ನಮ್ಮ ಸಂತೋಷ ಯಾರದೋ ಹಳೆಯ ನೋವು ಆಗಿತ್ತು. ಅದರಿಂದ ನಿಮ್ಮ ನೋವೇನೂ ಕಡಿಮೆ ಆಗುವುದಿಲ್ಲ, ಬಿಡಿ. ಬ್ಯಾಸ್ಕೆಟ್‌ಬಾಲ್‌ನ ವಾರಿಯರ್ಸ್, ಫುಟ್‌ಬಾಲ್‌ನ ರೈಡರ್ಸ್, ಆಮೇಲೆ ಇವರು. ಐದೇ ವರ್ಷದಲ್ಲಿ ಮೂರು ತಂಡ ಹೋದ ಊರು ಅದು.

2024ರ ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ ಬಂದರು. ಎ’ಸ್ 3-2ರಲ್ಲಿ ಗೆದ್ದಿತು. ಲಾಸ್ ವೇಗಸ್ ಸ್ಟೇಡಿಯಂ ಆಗುವವರೆಗೆ ಎಂದು 2025ರಲ್ಲಿ ತಂಡ ಸ್ಯಾಕ್ರಮೆಂಟೊದ ಸಣ್ಣ ಮೈದಾನಕ್ಕೆ ಹೋಯಿತು. ಹಿಡಿಸುವುದು ಸುಮಾರು 14,000 ಜನ. ತಂಡದ ಹೆಸರಲ್ಲಿ ಯಾವ ಊರೂ ಇಲ್ಲ, ಬರೀ ‘ಅಥ್ಲೆಟಿಕ್ಸ್’. ಜೆರ್ಸಿಯ ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊ, ಇನ್ನೊಂದು ತೋಳಿನ ಮೇಲೆ ಲಾಸ್ ವೇಗಸ್.

ಓಕ್ಲೆಂಡ್‌ನಲ್ಲಿ ಈಗ ‘ಬಾಲರ್ಸ್’ ಅನ್ನುವ ಪುಟ್ಟ ತಂಡ ಇದೆ, ಗೊತ್ತಿರಬಹುದು. ಪಯೋನೀರ್ ಲೀಗ್‌ನಲ್ಲಿ ಆಡುತ್ತದೆ, ಅಭಿಮಾನಿಗಳಿಗೇ ಷೇರು ಮಾರಿದೆ. 2025ರಲ್ಲಿ ಆ ಲೀಗ್ ಗೆದ್ದಿದ್ದು ಅವರೇ. ಮುಂದಿನ ಸಲ ಆ ಕಡೆ ಹೋದರೆ ಒಂದು ಪಂದ್ಯ ನೋಡಿ ಬನ್ನಿ.